ಆ್ಯಪಲ್ ಕ್ರಂಬಲ್: ಕೆಳಗೆ ನೀರು ನಿಲ್ಲಬಾರದು, ಮೇಲೆ ಗರಿಗರಿ ಇರಬೇಕು

ದಾವಣಗೆರೆಗೆ ಕೊಟ್ಟ ನಮ್ಮ ಚಿಕ್ಕಮ್ಮ ಹೋದ ತಿಂಗಳು ಫೋನ್ ಮಾಡಿದ್ದರು. "ಅಲ್ಲ ಕಣೇ, ನೀನು ಹೇಳಿದ ಹಾಗೇ ಮಾಡಿದೆ. ಮೇಲೆ ಉಪ್ಪಿಟ್ಟು, ಕೆಳಗೆ ಸಾರು ಆಗಿ ಕೂತಿದೆ. ಇದನ್ನ ಚಮಚದಲ್ಲಿ ಬಡಿಸ್ಲೋ, ಸೌಟಲ್ಲೋ?"

ಈ ದೂರು ನನಗೆ ಹೊಸದಲ್ಲ. ಕ್ರಂಬಲ್ ಮಾಡೋದು ಹೇಗೆ ಅಂತ ನನ್ನಿಂದ ಬರೆಸಿಕೊಂಡು ಹೋದವರಲ್ಲಿ ಸುಮಾರು ಜನ ಇದೇ ಮಾತು ಹೇಳಿದ್ದಾರೆ. ತಪ್ಪು ನನ್ನದೂ ಇದೆ. ಏನೇನು ಹಾಕಬೇಕು ಅಂತ ಬರೆದುಕೊಟ್ಟಿದ್ದೆ, ಯಾವುದರ ನಂತರ ಯಾವುದು ಅಂತ ಸರಿಯಾಗಿ ಹೇಳಿರಲಿಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ.

ಸೇಬಿನ ಹೋಳುಗಳ ಮೇಲೆ ಮೈದಾ, ಬೆಣ್ಣೆ, ಸಕ್ಕರೆಯ ಹುಡಿ ಉದುರಿಸಿ ಓವನ್‌ನಲ್ಲಿ ಬೇಯಿಸಿದರೆ ಕ್ರಂಬಲ್. ನಾದುವ ಹಾಗಿಲ್ಲ, ಲಟ್ಟಿಸುವ ಹಾಗಿಲ್ಲ, ಮೊಟ್ಟೆ ಬೇಡ, ಕೇಕಿನ ಥರ ಉಬ್ಬುತ್ತೋ ಇಲ್ಲವೋ ಅನ್ನೋ ಚಿಂತೆಯೂ ಇಲ್ಲ. ಇಷ್ಟು ಸುಲಭ ಅಂತಲೇ ಜನ ಅವಸರ ಮಾಡಿ ಕೆಡಿಸೋದು. ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ. ಬಿಸಿ ತಾಗಿದ ತಕ್ಷಣ ಅದು ಹೊರಗೆ ಬರುತ್ತೆ. ಇನ್ನೊಂದು ಕಡೆ ಬೆಣ್ಣೆ, ಅದು ಓವನ್ ಒಳಗೆ ಹೋಗುವ ಮೊದಲೇ ಕರಗಿದರೆ ಹುಡಿ ಹೋಗಿ ಹಿಟ್ಟಿನ ಮುದ್ದೆ ಆಗುತ್ತೆ. ಕೆಳಗಿನ ಹಂತಗಳೆಲ್ಲ ಇರೋದು ಒಂದೇ ಕೆಲಸಕ್ಕೆ: ಓವನ್ ಬಾಗಿಲು ಮುಚ್ಚುವ ತನಕ ಬೆಣ್ಣೆ ತಣ್ಣಗಿರಬೇಕು, ಸೇಬಿನ ನೀರು ಆದಷ್ಟೂ ಕಡಿಮೆಯಾಗಿರಬೇಕು.

ಒಟ್ಟು ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಅದರಲ್ಲಿ ನಿಮ್ಮ ಕೈಗೆ ಕೆಲಸ ಇರೋದು ಅರ್ಧ ಗಂಟೆ.

## ಮೊದಲು ಇವೆಲ್ಲ ಇದೆಯಾ ನೋಡಿ

ಪಾತ್ರೆ: 20 ಸೆಂಟಿಮೀಟರ್, ಅಂದರೆ 8 ಇಂಚಿನ ಚೌಕ ಅಥವಾ ದುಂಡನೆಯ ಬೇಕಿಂಗ್ ಪಾತ್ರೆ, 5 ಸೆಂಟಿಮೀಟರ್ ಆಳದ್ದು. ಗಾಜಿನದು, ಪಿಂಗಾಣಿಯದು, ಅಲ್ಯೂಮಿನಿಯಂ ಕೇಕ್ ಟಿನ್, ಯಾವುದಾದರೂ ನಡೆಯುತ್ತೆ. ಗಾಜಿನದಾದರೆ ಓವನ್‌ಗೆ ಇಡಬಹುದು ಅಂತ ಅದರ ತಳದಲ್ಲೋ ಡಬ್ಬದ ಮೇಲೋ ಬರೆದಿರಬೇಕು. ಹಣ್ಣು ಬಡಿಸುವ ಚೆಂದದ ಗಾಜಿನ ಬೌಲ್ ಇಟ್ಟರೆ ಒಳಗೇ ಸೀಳುತ್ತೆ.

ಓವನ್: ಓಟಿಜಿ, ಅಂದರೆ ಮೇಲೆ ಕೆಳಗೆ ಬಿಸಿಯಾಗುವ ರಾಡ್ ಇರುವ ಚಿಕ್ಕ ಕರೆಂಟ್ ಓವನ್, ಇದ್ದರೆ ಸಾಕು. ಮೈಕ್ರೋವೇವ್‌ನಲ್ಲಿ ಕನ್ವೆಕ್ಷನ್ ಅನ್ನೋ ಬಟನ್ ಇದ್ದರೆ ಅದೂ ಆಗುತ್ತೆ. ಬರೀ ಬಿಸಿ ಮಾಡುವ ಮೈಕ್ರೋವೇವ್ ಆಗಲ್ಲ, ಹುಡಿ ಕೆಂಪಗಾಗೋದೇ ಇಲ್ಲ. ಅಂಥವರು ಕೊನೆಯ ಹಂತಕ್ಕೂ ಮುಂಚೆ ಇರುವ 'ಓವನ್ ಇಲ್ಲದವರಿಗೆ' ಓದಿ.

ಅಡುಗೆಮನೆಯ ತೂಕದ ಮಷೀನ್ ಇದ್ದರೆ ಬಳಸಿ. ಇಲ್ಲದಿದ್ದರೆ 250 ಎಂಎಲ್‌ನ ಅಳತೆ ಕಪ್. ಟೀ ಕುಡಿಯುವ ಕಪ್ಪಲ್ಲಿ ಅಳೆಯಬೇಡಿ. ಒಬ್ಬೊಬ್ಬರ ಮನೇಲಿ ಒಂದೊಂದು ಸೈಜು ಇರುತ್ತೆ, ಅಲ್ವಾ?

ಇವುಗಳ ಜೊತೆ ಸಿಪ್ಪೆ ತೆಗೆಯುವ ಪೀಲರ್, ಅಗಲವಾದ ಬಾಣಲೆ, ಟೀ ಸೋಸುವ ಜಾಲರಿ, ಪಾತ್ರೆಯ ಕೆಳಗಿಡಲು ಓವನ್ ಟ್ರೇ.

ಆರು ಜನಕ್ಕೆ ಆಗುವ ಅಳತೆ ಇದು.

ಹಣ್ಣಿಗೆ:
- ಮಧ್ಯಮ ಗಾತ್ರದ ಸೇಬು 5 (ಸುಮಾರು 850 ಗ್ರಾಂ; ಸಿಪ್ಪೆ, ಬೀಜ ತೆಗೆದ ಮೇಲೆ 700 ಗ್ರಾಂ)
- ಸಕ್ಕರೆ 2ರಿಂದ 3 ದೊಡ್ಡ ಚಮಚ
- ನಿಂಬೆರಸ 1 ದೊಡ್ಡ ಚಮಚ
- ಬೆಣ್ಣೆ 1 ದೊಡ್ಡ ಚಮಚ
- ಚಕ್ಕೆ ಪುಡಿ ಅರ್ಧ ಸಣ್ಣ ಚಮಚ
- ಕಾರ್ನ್‌ಫ್ಲೋರ್ 2 ಸಣ್ಣ ಚಮಚ
- ಚಿಟಿಕೆ ಉಪ್ಪು

ಮೇಲಿನ ಹುಡಿಗೆ:
- ಮೈದಾ 125 ಗ್ರಾಂ (1 ಕಪ್)
- ಸಕ್ಕರೆ 70 ಗ್ರಾಂ (ಕಪ್ಪಿನ ಮೂರನೇ ಒಂದು ಭಾಗ)
- ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ 85 ಗ್ರಾಂ
- ಓಟ್ಸ್ 40 ಗ್ರಾಂ (ಅರ್ಧ ಕಪ್‌ಗಿಂತ ತುಸು ಕಡಿಮೆ)
- ಕಾಲು ಸಣ್ಣ ಚಮಚ ಉಪ್ಪು

ದೊಡ್ಡ ಚಮಚ ಅಂದರೆ 15 ಎಂಎಲ್, ಸಣ್ಣದು 5 ಎಂಎಲ್. ಬ್ರೆಡ್ಡಿಗೆ ಹಚ್ಚುವ ಹಳದಿ ಉಪ್ಪು ಬೆಣ್ಣೆ ಹಾಕುವವರು ಬೇರೆ ಉಪ್ಪು ಹಾಕಬೇಡಿ.

ಕಾರ್ನ್‌ಫ್ಲೋರ್ ಬಗ್ಗೆ ಒಂದು ಮಾತು. ಬೆರಳಿಗೆ ಹಚ್ಚಿಕೊಂಡರೆ ಟಾಲ್ಕಂ ಪೌಡರ್ ಥರ ನುಣ್ಣಗೆ ಜಾರುವ ಬಿಳಿ ಪುಡಿ ಅದು. ಅಂಗಡಿಯಲ್ಲಿ "ಜೋಳದ ಹಿಟ್ಟು" ಅಂತ ಕೇಳಿದರೆ ರೊಟ್ಟಿ ಹಿಟ್ಟು ಕೊಡುತ್ತಾರೆ. "ಮೆಕ್ಕೆಜೋಳದ ಹಿಟ್ಟು" ಅಂದರೆ ಹಳದಿ ಹಿಟ್ಟು ಬರುತ್ತೆ. ಎರಡೂ ಇಲ್ಲಿ ಕೆಲಸಕ್ಕೆ ಬರಲ್ಲ. ಸೂಪ್ ಗಟ್ಟಿ ಮಾಡೋಕೆ ಹಾಕುವ ಕಾರ್ನ್‌ಫ್ಲೋರ್ ಅಂತಲೇ ಕೇಳಿ.

## ಹಂತ 1: ಸೇಬು ಆರಿಸುವುದು

ಗಾಡಿಯವನು ಕೊಟ್ಟ ಸೇಬೆಲ್ಲ ಬೇಯಿಸೋಕೆ ಒಳ್ಳೆಯದಲ್ಲ. ಕಡುಗೆಂಪು ಬಣ್ಣದ, ತಳದಲ್ಲಿ ಐದು ಉಬ್ಬು ಇರುವ ಡೆಲಿಷಿಯಸ್ ಜಾತಿಯ ಹಣ್ಣು ನಮ್ಮಲ್ಲಿ ಜಾಸ್ತಿ ಸಿಗುತ್ತೆ. ಹಾಗೇ ತಿನ್ನೋಕೆ ಸೊಗಸು. ಬೇಯಿಸಿದರೆ ಮಾತ್ರ ಬೇಗ ಕರಗಿ ಗೊಜ್ಜಾಗುತ್ತೆ, ಹುಳಿಯೂ ಇಲ್ಲದೆ ಸಪ್ಪೆ ಸಿಹಿ ಉಳಿಯುತ್ತೆ.

ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಬೆಂದರೂ ಹೋಳು ಹೋಳಾಗೇ ನಿಲ್ಲುತ್ತೆ, ಹುಳಿಯೂ ಇದೆ. ನಮ್ಮಲ್ಲಿ ಬೆಲೆ ಜಾಸ್ತಿ. ಅದಕ್ಕೆ ನಾನು ಮೂರು ಹಸಿರು, ಎರಡು ಕೆಂಪು ಬೆರೆಸುತ್ತೇನೆ. ಹಸಿರು ಹೋಳು ಕಚ್ಚೋಕೆ ಸಿಗುತ್ತೆ, ಕೆಂಪಿನದು ಕರಗಿ ನಡುವೆ ತುಂಬಿಕೊಳ್ಳುತ್ತೆ. ಹಸಿರು ಸಿಗದ ಊರಲ್ಲಿ ಹಳದಿ ಗೋಲ್ಡನ್ ಡೆಲಿಷಿಯಸ್ ಅಥವಾ ಗಟ್ಟಿಯಾದ ಫ್ಯೂಜಿ ತೊಗೊಳ್ಳಿ, ನಿಂಬೆರಸ ಅರ್ಧ ಚಮಚ ಜಾಸ್ತಿ ಹಾಕಿ. ಹುಳಿ ಬರೀ ರುಚಿಗಲ್ಲ, ಹೋಳು ಬೇಗ ಮೆತ್ತಗಾಗದಂತೆ ತಡೆಯುತ್ತೆ ಕೂಡ.

ಬೆರಳಿನಿಂದ ಒತ್ತಿ ನೋಡಿ. ಒತ್ತಿದ ಕಡೆ ತಗ್ಗಾದರೆ ಬಿಡಿ. ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇದ್ದ ಹಣ್ಣು ಹೊರಗೆ ಮಿರಮಿರ ಅಂದರೂ ಒಳಗೆ ಹಿಟ್ಟು ಹಿಟ್ಟಾಗಿರಬಹುದು. ಮನೆಗೆ ತಂದು ಒಂದು ಹೋಳು ಕಚ್ಚಿದಾಗ ಕರುಂ ಅಂತ ಸದ್ದು ಬರಬೇಕು. ಬರದಿದ್ದರೆ ಆ ಹಣ್ಣನ್ನು ಮಿಲ್ಕ್‌ಶೇಕ್‌ಗೆ ಹಾಕಿ, ಕ್ರಂಬಲ್ ಇನ್ನೊಂದು ದಿನ ಮಾಡಿ. ಹಿಮಾಚಲ, ಕಾಶ್ಮೀರದ ಹೊಸ ಹಣ್ಣು ಬರುವ ಆಗಸ್ಟ್‌ನಿಂದ ಅಕ್ಟೋಬರ್ ತನಕ ಈ ತಾಪತ್ರಯ ಕಡಿಮೆ.

## ಹಂತ 2: ಹುಡಿಯನ್ನೇ ಮೊದಲು ಮಾಡಿ

ಹೆಚ್ಚಿನವರು ಎಡವೋದು ಇಲ್ಲೇ. ಮೊದಲು ಸೇಬು ಹೆಚ್ಚುತ್ತಾರೆ, ಸಕ್ಕರೆ ಬೆರೆಸಿ ಪಕ್ಕಕ್ಕಿಡುತ್ತಾರೆ, ಆಮೇಲೆ ನಿಧಾನವಾಗಿ ಹುಡಿ ಮಾಡೋಕೆ ಕೂರುತ್ತಾರೆ. ಅಷ್ಟು ಹೊತ್ತಿಗೆ ಸೇಬು ಕಪ್ಪಾಗಿ, ಬಟ್ಟಲಲ್ಲಿ ನೀರು ಬಿಟ್ಟು ಕೂತಿರುತ್ತೆ. ಹುಡಿಯೂ ಕೈಯ ಬಿಸಿಗೆ ಮೆತ್ತಗಾಗಿರುತ್ತೆ, ಅದಕ್ಕೆ ಮತ್ತೆ ಗಟ್ಟಿಯಾಗಲು ಸಮಯವೇ ಇಲ್ಲ. ಕ್ರಮ ತಿರುಗಿಸಿ. ಹುಡಿ ಮೊದಲು, ಅದು ಫ್ರಿಜ್‌ಗೆ ಹೋದ ಮೇಲೆ ಹಣ್ಣು.

ಮೈದಾ, ಸಕ್ಕರೆ, ಉಪ್ಪು ಅಗಲವಾದ ಪಾತ್ರೆಯಲ್ಲಿ ಬೆರೆಸಿ. ಬೆಣ್ಣೆಯನ್ನು ಕಡಲೆಕಾಳಿನಷ್ಟು ಸಣ್ಣ ತುಂಡು ಮಾಡಿ ಮೇಲೆ ಉದುರಿಸಿ. ಕತ್ತರಿಸೋದು ಕಷ್ಟ ಅನಿಸಿದರೆ ಕ್ಯಾರೆಟ್ ತುರಿಯುವ ಮಣೆಯ ದಪ್ಪ ಕಣ್ಣಿನಲ್ಲಿ ತುರಿದುಬಿಡಿ. ಬೇಸಿಗೆಯಲ್ಲಿ ನಾನು ಮಾಡೋದು ಹಾಗೇ.

ಈಗ ಬೆರಳ ತುದಿಗಳಿಂದ ಉಜ್ಜಿ. ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಜಾರಬೇಕು, ನೋಟು ಎಣಿಸ್ತೀವಲ್ಲ, ಆ ಥರ. ಅಂಗೈ ತಾಗಿಸಬೇಡಿ. ಅಂಗೈ ಬಿಸಿ ಜಾಸ್ತಿ, ಬೆಣ್ಣೆ ಕರಗುತ್ತೆ. ಎರಡು ಮೂರು ನಿಮಿಷದಲ್ಲಿ ಬೆಣ್ಣೆ ಹಿಟ್ಟಿಗೆಲ್ಲ ಹತ್ತಿಕೊಂಡು ಬನ್ಸಿ ರವೆಯ ಹಾಗೆ ಉದುರುದುರಾಗುತ್ತೆ, ನಡುನಡುವೆ ಬಟಾಣಿ ಗಾತ್ರದ ಗಂಟುಗಳು ಉಳಿದಿರುತ್ತವೆ. ಆ ಗಂಟುಗಳನ್ನು ಒಡೆಯಬೇಡಿ. ಓವನ್‌ನಲ್ಲಿ ಗರಿಗರಿಯಾಗೋದು ಅವೇ.

ಕೊನೆಯಲ್ಲಿ ಓಟ್ಸ್ ಸೇರಿಸಿ ಕೈಯಲ್ಲಿ ಎತ್ತಿ ಬಿಡಿ, ಅಷ್ಟೇ. ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ. ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ನಿಪ್ಪಟ್ಟು, ಕೋಡುಬಳೆಗೆ ಬಿಸಿ ಎಣ್ಣೆ ಹಾಕಿ ಹಿಟ್ಟು ಕಲೆಸುವವರಿಗೆ ಈ ಹದ ಗೊತ್ತೇ ಇರುತ್ತೆ. ಅಲ್ಲಿ ಕೊಬ್ಬು ಬಿಸಿ, ಇಲ್ಲಿ ತಣ್ಣಗೆ, ವ್ಯತ್ಯಾಸ ಅಷ್ಟೇ.

ಕೆಡುತ್ತಿದೆ ಅನ್ನೋ ಗುರುತುಗಳು: ಹುಡಿಯ ಬಣ್ಣ ಬಿಳಿಯಿಂದ ಹಳದಿಗೆ ತಿರುಗಿ ಬೆರಳಿಗೆ ಅಂಟಿಕೊಳ್ಳೋಕೆ ಶುರುವಾದರೆ ಬೆಣ್ಣೆ ಕರಗುತ್ತಿದೆ. ತಕ್ಷಣ ನಿಲ್ಲಿಸಿ, ಪಾತ್ರೆ ಸಮೇತ ಫ್ರೀಜರ್‌ನಲ್ಲಿ 10 ನಿಮಿಷ ಇಟ್ಟು, ಫೋರ್ಕ್‌ನಿಂದ ಕೆದಕಿ. ಪೂರ್ತಿ ಮುದ್ದೆ ಆಗಿಹೋದರೆ ಇನ್ನಷ್ಟು ಮೈದಾ ಸುರಿಯಬೇಡಿ, ತಿನ್ನುವಾಗ ಗಂಟಲಿಗೆ ಹಿಟ್ಟು ಹಿಡಿಯುತ್ತೆ. ಮುದ್ದೆಯನ್ನು ಫ್ರೀಜರ್‌ನಲ್ಲಿ ಅರ್ಧ ಗಂಟೆ ಗಟ್ಟಿ ಮಾಡಿ ದಪ್ಪ ಕಣ್ಣಿನಲ್ಲಿ ತುರಿದುಕೊಳ್ಳಿ.

ಇನ್ನು ಬೆಣ್ಣೆ ವಿಷಯ. ಚಿಕ್ಕಮ್ಮನಿಗೆ ನಾನು ಮೊದಲು ಕೇಳಿದ್ದೇ, "ಯಾವ ಬೆಣ್ಣೆ ಹಾಕಿದ್ರಿ?" ಅಂತ. ಮನೆಯಲ್ಲೇ ಕಡೆದದ್ದು ಅಂದರು. ದಾವಣಗೆರೆಯವರಿಗೆ ಬೆಣ್ಣೆ ಬಗ್ಗೆ ಪಾಠ ಹೇಳೋದು ಅಂದರೆ ನನಗೂ ಸಂಕೋಚವೇ. ಆದರೂ ಹೇಳಲೇಬೇಕು: ಕಡೆದ ಬೆಣ್ಣೆ ದೋಸೆಗೆ ಸರಿ, ಇದಕ್ಕೆ ಬೇಡ. ಅಂಗಡಿ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು ಇರುತ್ತೆ. ಮನೆ ಬೆಣ್ಣೆಯಲ್ಲಿ ಮಜ್ಜಿಗೆ, ನೀರು ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ. ಆ ನೀರು ಮೈದಾಗೆ ಸೇರಿದರೆ ಹಿಟ್ಟು ಜಿಗುಟಾಗುತ್ತೆ, ಹುಡಿ ಆಗಲ್ಲ. ಮನೆಯದ್ದೇ ಹಾಕಬೇಕು ಅಂದರೆ ಕಾಯಿಸಿ ತುಪ್ಪ ಮಾಡಿ, ಫ್ರಿಜ್‌ನಲ್ಲಿ ಗಟ್ಟಿಯಾಗಲು ಬಿಟ್ಟು, 70 ಗ್ರಾಂ ಬಳಸಿ. ತುಪ್ಪದಲ್ಲಿ ನೀರಿಲ್ಲದ ಕಾರಣ ಅಷ್ಟೇ ಸಾಕು. ಘಮ ಸ್ವಲ್ಪ ಮೈಸೂರುಪಾಕಿನ ಕಡೆಗೆ ವಾಲುತ್ತೆ, ನಮ್ಮ ಮನೆಯಲ್ಲಿ ಯಾರೂ ಬೇಡ ಅಂದಿಲ್ಲ.

ಮೈದಾ ಬೇಡ ಅನ್ನುವವರು ಗೋಧಿ ಹಿಟ್ಟು ಹಾಕಬಹುದು, ಬಣ್ಣ ತುಸು ಕಪ್ಪಾಗುತ್ತೆ. ಸಕ್ಕರೆ ಬದಲು ಬೆಲ್ಲ ಹಾಕುವುದಾದರೆ ಒಣ ಬೆಲ್ಲದ ಪುಡಿ ಮಾತ್ರ. ಅಚ್ಚು ಬೆಲ್ಲ ತುರಿದು ಹಾಕಿದರೆ ಅದರ ತೇವಕ್ಕೇ ಹುಡಿ ಅಂಟಂಟಾಗುತ್ತೆ. ಬೇಕಿಂಗ್ ಪೌಡರ್, ಸೋಡಾ ಎರಡೂ ಬೇಡ.

ಹುಡಿಯನ್ನು ಮುಚ್ಚಿ ಫ್ರಿಜ್‌ನಲ್ಲಿಡಿ. ಇನ್ನು ಅದನ್ನು ಹೊರಗೆ ತೆಗೆಯೋದು ಹಂತ 5ರಲ್ಲೇ.

## ಹಂತ 3: ಹಣ್ಣು ಹೆಚ್ಚಿ, ನೀರು ಇಂಗಿಸುವುದು

ದೊಡ್ಡ ಬಟ್ಟಲಲ್ಲಿ ನಿಂಬೆರಸ ಮೊದಲೇ ಹಾಕಿಟ್ಟುಕೊಳ್ಳಿ. ಸಿಪ್ಪೆ ತೆಗೆದು, ನಾಲ್ಕು ಭಾಗ ಮಾಡಿ, ಬೀಜದ ಗೂಡನ್ನು ಓರೆಯಾಗಿ ಕತ್ತರಿಸಿ ತೆಗೆಯಿರಿ. ಗೂಡಿನ ಸುತ್ತ ಉಗುರಿನಂಥ ಗಟ್ಟಿ ಪದರ ಇರುತ್ತೆ. ಅದು ಉಳಿದರೆ ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ಒಂದೊಂದು ಹಣ್ಣು ಹೆಚ್ಚಿದ ಹಾಗೇ ನಿಂಬೆರಸಕ್ಕೆ ಹಾಕಿ ಹೊರಳಿಸಿ, ಕಪ್ಪಾಗಲ್ಲ. ಉಪ್ಪು ನೀರಲ್ಲಿ ಮುಳುಗಿಸಿಡುವ ಅಭ್ಯಾಸ ಇದ್ದರೆ ಇವತ್ತೊಂದು ದಿನ ಬಿಡಿ. ನೀರು ಹೊರಗೆ ಹಾಕೋಕೆ ಒದ್ದಾಡುತ್ತಿರುವಾಗ ಹೊಸ ನೀರು ಯಾಕೆ?

ಹೋಳಿನ ಗಾತ್ರ ಒಂದೇ ಸಮ ಇರಲಿ, ಎರಡು ಸೆಂಟಿಮೀಟರ್‌ನ ಚೌಕ ಹೋಳು, ಅಂದರೆ ಸಾಂಬಾರಿನ ಆಲೂಗಡ್ಡೆ ಗಾತ್ರ. ಚಿಪ್ಸ್ ಥರ ತೆಳ್ಳಗೆ ಹೆಚ್ಚಿದರೆ ಗೊಜ್ಜಾಗುತ್ತೆ. ದಪ್ಪ ಜಾಸ್ತಿಯಾದರೆ ಮೇಲಿನ ಹುಡಿ ಸೀದರೂ ಹೋಳು ಹಸಿಯಾಗೇ ಇರುತ್ತೆ.

ಈಗ ಅಗಲವಾದ ಬಾಣಲೆಗೆ ಒಂದು ಚಮಚ ಬೆಣ್ಣೆ ಹಾಕಿ, ಕರಗಿದ ಮೇಲೆ ಸೇಬು, ಸಕ್ಕರೆ, ಉಪ್ಪು ಹಾಕಿ. ಕೆಂಪು ಸೇಬೇ ಜಾಸ್ತಿ ಇದ್ದರೆ ಸಕ್ಕರೆ ಎರಡು ಚಮಚ, ಹಸಿರು ಜಾಸ್ತಿ ಇದ್ದರೆ ಮೂರು. ಮಧ್ಯಮಕ್ಕಿಂತ ತುಸು ಜಾಸ್ತಿ ಉರಿ. ಮುಚ್ಚಳ ಮುಚ್ಚಬೇಡಿ.

ಮೊದಲ ಎರಡು ನಿಮಿಷ ಏನೂ ಆಗಲ್ಲ. ಆಮೇಲೆ ಸಕ್ಕರೆ ನೀರನ್ನು ಹೊರಗೆಳೆದು, ಬಾಣಲೆಯ ತಳದಲ್ಲಿ ರಸ ನಿಲ್ಲುತ್ತೆ. ಹೊಸಬರು ಇದನ್ನು ನೋಡಿ ಹೆದರಿ ಉರಿ ಸಣ್ಣ ಮಾಡಿಬಿಡುತ್ತಾರೆ. ಮಾಡಬೇಡಿ. ಆ ರಸ ಈಗ ಇಲ್ಲಿ ಆವಿಯಾಗಿ ಹೋಗದಿದ್ದರೆ ಆಮೇಲೆ ನಿಮ್ಮ ಪಾತ್ರೆಯಲ್ಲೇ ಇರುತ್ತೆ. ಒಟ್ಟು 5ರಿಂದ 7 ನಿಮಿಷ, ನಡುನಡುವೆ ಬಾಣಲೆ ಕುಲುಕಿ. ಸೌಟಿನಿಂದ ಜಾಸ್ತಿ ಕೈಯಾಡಿಸಿದರೆ ಹೋಳಿನ ಮೂಲೆಗಳು ಮುರಿಯುತ್ತವೆ.

ನಿಲ್ಲಿಸುವ ಹೊತ್ತು ಯಾವಾಗ? ಸೌಟನ್ನು ತಳದಲ್ಲಿ ಎಳೆದಾಗ ದಾರಿ ಮೂಡಿ, ರಸ ಮತ್ತೆ ನಿಧಾನಕ್ಕೆ ಬಂದು ಸೇರಿಕೊಳ್ಳಬೇಕು. ಚಾಕುವಿನ ತುದಿ ಹೋಳಿನ ಹೊರಭಾಗಕ್ಕೆ ಸಲೀಸಾಗಿ ಇಳಿದು ನಡುವೆ ತಡೆಯಬೇಕು. ಅರ್ಧ ಬೆಂದಿರಬೇಕು ಅಷ್ಟೇ, ಉಳಿದದ್ದು ಓವನ್ ನೋಡಿಕೊಳ್ಳುತ್ತೆ.

ಒಲೆ ಆರಿಸಿ, ಚಕ್ಕೆ ಪುಡಿ ಹಾಕಿ. ಕಾರ್ನ್‌ಫ್ಲೋರ್ ಅನ್ನು ಟೀ ಜಾಲರಿಯಲ್ಲಿಟ್ಟು ಚಮಚದಿಂದ ತಟ್ಟುತ್ತಾ ಎಲ್ಲ ಕಡೆ ಉದುರಿಸಿ, ಮೆಲ್ಲಗೆ ಹೊರಳಿಸಿ. ಒಂದೇ ಕಡೆ ಸುರಿದರೆ ಬಿಳಿ ಗಂಟಾಗಿ, ತಿನ್ನುವಾಗ ಬಾಯಿಗೆ ಪಿಚಕ್ ಅಂತ ಸಿಗುತ್ತೆ. ಬಾಣಲೆಯಲ್ಲಿ ಅಲ್ಲಲ್ಲಿ ಹಿಟ್ಟು ಬೆಳ್ಳಗೆ ಕಂಡರೆ ಪರವಾಗಿಲ್ಲ, ಓವನ್‌ನಲ್ಲಿ ಬೆಂದು ರಸ ಗಟ್ಟಿಯಾಗುತ್ತೆ.

ಏಲಕ್ಕಿ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಿ, ಎರಡು ಕಾಯಿ ಸಾಕು. ಚಕ್ಕೆ, ಏಲಕ್ಕಿ, ಲವಂಗ, ಜಾಯಿಕಾಯಿ ಎಲ್ಲವನ್ನೂ ಒಟ್ಟಿಗೆ ಸುರಿದರೆ ಸೇಬು ಎಲ್ಲಿದೆ ಅಂತ ಹುಡುಕಬೇಕಾಗುತ್ತೆ.

## ಹಂತ 4: ಹಣ್ಣು ಆರಲಿ, ಓವನ್ ಕಾಯಲಿ

ಹಣ್ಣನ್ನು ಬೇಕಿಂಗ್ ಪಾತ್ರೆಗೆ ಸುರಿದು ಹರಡಿ, ಫ್ಯಾನ್ ಕೆಳಗೆ 20 ನಿಮಿಷ ಬಿಡಿ. ಮುಟ್ಟಿದರೆ ಉಗುರು ಬೆಚ್ಚಗೆ ಅಥವಾ ಅದಕ್ಕೂ ತಣ್ಣಗಿರಬೇಕು. ಇಲ್ಲಿ ಅವಸರ ಮಾಡಿದರೆ ಇಲ್ಲಿಯ ತನಕ ಮಾಡಿದ್ದೆಲ್ಲ ವ್ಯರ್ಥ. ಬಿಸಿ ಹಣ್ಣಿನ ಮೇಲೆ ತಣ್ಣನೆಯ ಹುಡಿ ಬಿದ್ದರೆ ಬೆಣ್ಣೆ ಕೆಳಗಿನಿಂದ ಕರಗಿ, ಹಿಟ್ಟು ರಸ ಕುಡಿದು, ಅಂಬಲಿಯ ಪದರ ಒಂದು ನಡುವೆ ಕೂತುಬಿಡುತ್ತೆ. ಚಿಕ್ಕಮ್ಮ ಹೇಳಿದ ಉಪ್ಪಿಟ್ಟು ಇದೇ.

ಗಾಜಿನ ಪಾತ್ರೆಯವರಿಗೆ ಎಚ್ಚರಿಕೆ. ಕುದಿಯುವ ಹಣ್ಣನ್ನು ನೇರ ಗಾಜಿಗೆ ಸುರಿಯಬೇಡಿ, ಬಾಣಲೆಯಲ್ಲೇ ಹತ್ತು ನಿಮಿಷ ಆರಿಸಿ. ಹಾಗೇ ಫ್ರಿಜ್‌ನಲ್ಲಿದ್ದ ಗಾಜಿನ ಪಾತ್ರೆಯನ್ನು ಬಿಸಿ ಓವನ್‌ಗೆ ಇಡಬೇಡಿ. ಓವನ್‌ನಿಂದ ತೆಗೆದದ್ದನ್ನು ಒದ್ದೆ ಗ್ರಾನೈಟ್ ಕಟ್ಟೆ ಮೇಲೂ ಇಡಬೇಡಿ. ಕೆಳಗೆ ಒಣ ಬಟ್ಟೆ ಅಥವಾ ಮರದ ಮಣೆ ಇರಲಿ.

ಹಣ್ಣು ಆರುತ್ತಿರುವಾಗಲೇ ಓವನ್ ಹಚ್ಚಿ. 180 ಡಿಗ್ರಿ ಸೆಲ್ಸಿಯಸ್, ಮೇಲಿನ ಕೆಳಗಿನ ಎರಡೂ ರಾಡ್, ಕಂಬಿ ನಡು ಅಂತಸ್ತಿನಲ್ಲಿ. 15 ನಿಮಿಷ ಖಾಲಿ ಕಾಯಬೇಕು. ತಣ್ಣನೆಯ ಓವನ್‌ಗೆ ಇಟ್ಟರೆ ಬಿಸಿ ಏರುವಷ್ಟರಲ್ಲಿ ಬೆಣ್ಣೆ ನಿಧಾನವಾಗಿ ಕರಗಿ ಹಣ್ಣಿನೊಳಗೆ ಇಳಿದುಬಿಟ್ಟಿರುತ್ತೆ. ಕನ್ವೆಕ್ಷನ್ ಮೈಕ್ರೋವೇವ್‌ನವರು 170ಕ್ಕೆ ಇಟ್ಟು ಗಿಡ್ಡ ಸ್ಟ್ಯಾಂಡ್ ಬಳಸಿ. ಎತ್ತರದ ಸ್ಟ್ಯಾಂಡ್ ಇಟ್ಟರೆ ಮೇಲ್ಭಾಗ ಬೇಗ ಸೀಯುತ್ತೆ. ಅಮೆರಿಕದಲ್ಲಿರುವ ನಮ್ಮವರ ಓವನ್‌ನಲ್ಲಿ ಅಂಕಿ ಫ್ಯಾರನ್‌ಹೀಟ್‌ನಲ್ಲಿ ಇರುತ್ತೆ, 350 ಇಡಿ.

ಹೊಸ ಓಟಿಜಿ ಆದರೆ ಮೊದಲ ಸಲ ಕಿಟಕಿ ತೆಗೆದಿಟ್ಟು ಖಾಲಿ 15 ನಿಮಿಷ ಉರಿಸಿ. ರಾಡ್ ಮೇಲಿನ ಲೇಪ ಸುಟ್ಟು ಹೊಗೆ, ವಾಸನೆ ಬರುತ್ತೆ. ಅದು ತಿಂಡಿಗೆ ಹತ್ತಬಾರದು. ಪ್ಲಗ್ ಕೂಡ ನೋಡಿ. 1500 ವ್ಯಾಟ್‌ನ ಓಟಿಜಿ ಆರೂವರೆ ಆಂಪ್ ಎಳೆಯುತ್ತೆ. ಅದಕ್ಕೆ ಗೀಸರಿಗೆ ಹಾಕಿಸುವಂಥ 16 ಆಂಪ್‌ನ ದೊಡ್ಡ ಪಾಯಿಂಟೇ ಬೇಕು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸಿದರೆ ವೈರ್ ಬಿಸಿಯಾಗುತ್ತೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಕ್ರಂಬಲ್ ಮರೆತು ಮೊದಲು ಮೇನ್ ಆಫ್ ಮಾಡಿ.

ಓಟಿಜಿಯ ತಿರುಗಣೆ ಹೇಳುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಪರೀಕ್ಷೆಗೆ ಒಂದು ಉಪಾಯ ಇದೆ. ಸಕ್ಕರೆ ಕರಗೋದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲ್ ತುಂಡಿನ ಮೇಲೆ ಒಂದು ಚಮಚ ಸಕ್ಕರೆ ಹರಡಿ, 175ಕ್ಕೆ ಕಾದ ಓವನ್‌ನಲ್ಲಿ 15 ನಿಮಿಷ ಇಡಿ. ಕರಗಬಾರದು. ಕರಗಿದರೆ ನಿಮ್ಮ ಓವನ್ ಹೇಳಿದ್ದಕ್ಕಿಂತ ಜಾಸ್ತಿ ಬಿಸಿ. ಇನ್ನೊಂದು ಸಲ 190ರಲ್ಲಿ ನೋಡಿ, ಈಗ ಕರಗಬೇಕು. ಕರಗದಿದ್ದರೆ ಬಿಸಿ ಕಮ್ಮಿ. ನಮ್ಮನೆ ಓಟಿಜಿ ಜಾಸ್ತಿ ಉರಿಯುವ ಜಾತಿಯದು ಅಂತ ಗೊತ್ತಾದದ್ದು ಹೀಗೇ. ಅಲ್ಲಿಯ ತನಕ ಮೂರು ಸಲ ಕೇಕ್ ಸೀಯಿಸಿ, ಮೈದಾವನ್ನು ಬೈಯುತ್ತಿದ್ದೆ.

## ಹಂತ 5: ಹುಡಿ ಉದುರಿಸಿ ಬೇಯಿಸುವುದು

ಪಾತ್ರೆಯಲ್ಲಿ ಹಣ್ಣು ಆರಿದ ಮೇಲೆ ನೋಡಿ. ಬದಿಯಲ್ಲಿ ತೆಳ್ಳನೆಯ ರಸ ನಿಂತಿದ್ದರೆ ಪಾತ್ರೆ ಓರೆ ಮಾಡಿ ಎರಡು ಚಮಚ ತೆಗೆದುಬಿಡಿ. ಚೆಲ್ಲಬೇಡಿ, ದೋಸೆಗೆ ಸವರಿಕೊಂಡರೆ ಮಕ್ಕಳು ಬಿಡಲ್ಲ.

ಫ್ರಿಜ್‌ನಿಂದ ಹುಡಿ ತೆಗೆದು, ಕೈಯೆತ್ತರದಿಂದ ಉದುರಿಸಿ. ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ನಡುವೆ ಗುಡ್ಡೆ ಮಾಡಿದರೆ ಅಲ್ಲಿ ಹಸಿ ಹಿಟ್ಟು ಉಳಿಯುತ್ತೆ. ಒಂದೂವರೆ ಸೆಂಟಿಮೀಟರ್ ದಪ್ಪದ ಪದರ ಆಗುತ್ತೆ. ಪಾತ್ರೆಯ ಬಾಯಿಯಿಂದ ಕೆಳಗೆ ಒಂದು ಸೆಂಟಿಮೀಟರ್ ಖಾಲಿ ಬಿಡಿ, ರಸ ಉಕ್ಕುತ್ತೆ. ಕೆಳಗೆ ಟ್ರೇ ಇಡೋದು ಅದಕ್ಕೇ. ಸಕ್ಕರೆ ರಸ ರಾಡ್ ಮೇಲೆ ಬಿದ್ದರೆ ಮನೆಯೆಲ್ಲ ಹೊಗೆ.

ಇಲ್ಲಿ ಕೈ ಸುಮ್ನಿರಲ್ಲ. ಬರ್ಫಿ ತಟ್ಟಿದ ಅಭ್ಯಾಸಕ್ಕೆ ಸಮ ಮಾಡಿ ಒತ್ತಬೇಕು ಅನಿಸುತ್ತೆ. ಒತ್ತಬೇಡಿ. ಹುಡಿಯ ಸಂದಿಗಳಲ್ಲೇ ಹಣ್ಣಿನ ಆವಿ ಹೊರಗೆ ಹೋಗೋದು. ಒತ್ತಿದರೆ ದಾರಿ ಮುಚ್ಚಿ, ಆವಿ ಒಳಗೇ ನಿಂತು, ಹುಡಿ ಕೆಳಗಿನಿಂದ ಬೆವರುತ್ತೆ.

180 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಮೊದಲ 20 ನಿಮಿಷ ಬಾಗಿಲು ತೆಗೆಯಲೇಬೇಡಿ. ಆಮೇಲೆ ಗಾಜಿನಿಂದ ಗಮನಿಸುತ್ತಾ ಇರಿ.

ಗಡಿಯಾರಕ್ಕಿಂತ ಅಂಚನ್ನು ನೋಡಿ. ಮೊದಲು ಅಂಚಿನಲ್ಲಿ ರಸ ಸಣ್ಣ ಗುಳ್ಳೆಗಳಾಗಿ ಚುರುಚುರು ಕುದಿಯುತ್ತೆ. ಇದು ಇನ್ನೂ ನೀರು. ಸ್ವಲ್ಪ ಹೊತ್ತಾದ ಮೇಲೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ ಎದ್ದು, ಪುಳಕ್ ಅಂತ ಒಡೆಯುತ್ತೆ, ರಾಗಿ ಗಂಜಿ ಕುದಿಯುವ ಥರ. ಕಾರ್ನ್‌ಫ್ಲೋರ್ ಬೆಂದು ರಸ ಗಟ್ಟಿಯಾಯಿತು ಅನ್ನೋದಕ್ಕೆ ಅದೇ ಗುರುತು. ನಡುವಿನ ಹುಡಿಯೂ ಅಂಚಿನಷ್ಟೇ ಹೊಂಬಣ್ಣಕ್ಕೆ ಬಂದಿರಬೇಕು. ಚಾಕು ನಡುವೆ ಚುಚ್ಚಿದರೆ ಹೋಳಿಗೆ ತಡೆಯಿಲ್ಲದೆ ಇಳಿಯಬೇಕು.

ಮೇಲೆ ಬಣ್ಣ ಬಂದಿದೆ, ಅಂಚು ಇನ್ನೂ ಕುದಿದಿಲ್ಲ ಅಂದರೆ ಮೇಲಿನ ರಾಡ್ ಜೋರಾಗಿದೆ. ಫಾಯಿಲ್ ಅನ್ನು ಸಡಿಲವಾಗಿ ಮೇಲೆ ಹೊದಿಸಿ, ಕೆಳಗಿನ ರಾಡ್ ಮಾತ್ರ ಇಟ್ಟು ಹತ್ತು ನಿಮಿಷ ಕೊಡಿ. ಫಾಯಿಲ್ ರಾಡ್‌ಗೆ ತಾಗಬಾರದು. ಅಂಚು ಚೆನ್ನಾಗಿ ಕುದಿಯುತ್ತಿದೆ, ಮೇಲೆ ಇನ್ನೂ ಬಿಳಿಚಿಕೊಂಡಿದೆ ಅಂದರೆ ಮೇಲಿನ ರಾಡ್ ಮಾತ್ರ ಹಾಕಿ, ಕೊನೆಯ ಐದು ನಿಮಿಷ ಓವನ್ ಎದುರೇ ನಿಲ್ಲಿ. ಈ ಹೊತ್ತಲ್ಲಿ ಬಾಗಿಲ ಬೆಲ್ ಆದರೆ ಬೇರೆ ಯಾರನ್ನಾದರೂ ಕಳಿಸಿ. ಹೊಂಬಣ್ಣದಿಂದ ಕರಕಲಿಗೆ ಎರಡು ನಿಮಿಷ ಸಾಕು.

ವಾಸನೆಯೂ ಹೇಳುತ್ತೆ. ಬಿಸ್ಕತ್ತಿನ ಘಮ ಬಂದರೆ ಸರಿ ದಾರಿಯಲ್ಲಿದ್ದೀರಿ. ಸೀದ ಹಾಲಿನಂಥ ಚುರುಕು ವಾಸನೆ ಬಂದರೆ ಬೆಣ್ಣೆ ಸುಡುತ್ತಿದೆ, ತೆಗೆದು ನೋಡಿ.

## ಹಂತ 6: ಕಾಯುವುದು

ಓವನ್‌ನಿಂದ ತೆಗೆದ ತಕ್ಷಣ ಚಮಚ ಹಾಕಿದರೆ ರಸ ಹರಿದಾಡುತ್ತೆ, ಕೆಟ್ಟುಹೋಯಿತು ಅನಿಸುತ್ತೆ. ಕೆಟ್ಟಿಲ್ಲ. ಕಾರ್ನ್‌ಫ್ಲೋರ್ ಹಾಕಿದ ರಸ ಪೂರ್ತಿ ಗಟ್ಟಿಯಾಗೋದು ಬಿಸಿ ಇಳಿದಾಗ. ಹುಡಿಯೂ ಅಷ್ಟೇ, ಬಿಸಿಯಲ್ಲಿ ಮೆತ್ತಗಿರುತ್ತೆ, ಆರುತ್ತಾ ಗರಿಗರಿಯಾಗುತ್ತೆ. ಕನಿಷ್ಠ 20 ನಿಮಿಷ ಬಿಡಿ. ಮೇಲೆ ಏನೂ ಮುಚ್ಚಬೇಡಿ. ಇರುವೆ ಭಯ ಇದ್ದರೆ ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಮರದ ಮಣೆ ಇಟ್ಟು ಪಾತ್ರೆ ಕೂರಿಸಿ. ತಟ್ಟೆ ಮುಚ್ಚಿದರೆ ಆವಿ ಬೆವರಾಗಿ ತೊಟ್ಟಿಕ್ಕುತ್ತೆ. ಅರ್ಧ ದಿನದ ಶ್ರಮ ಒಂದು ಮುಚ್ಚಳಕ್ಕೆ ಹೋಗೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಚ್ಚಿದ್ದು ನಮ್ಮ ಅತ್ತೆ, ಆದ್ದರಿಂದ ಏನೂ ಅನ್ನೋ ಹಾಗಿರಲಿಲ್ಲ.

ಬೆಚ್ಚಗಿರುವಾಗ ವೆನಿಲಾ ಐಸ್‌ಕ್ರೀಮ್ ಜೊತೆ ಬಡಿಸಿ. ಕಸ್ಟರ್ಡ್ ಆದರೂ ಸರಿ. ಎರಡನ್ನೂ ಅವರವರ ತಟ್ಟೆಯಲ್ಲೇ, ಪಕ್ಕಕ್ಕೆ ಹಾಕಿ. ಪಾತ್ರೆಯ ಮೇಲೇ ಸುರಿದರೆ ಹುಡಿಯ ಕಥೆ ಮುಗಿಯಿತು.

## ಓವನ್ ಇಲ್ಲದವರಿಗೆ

ಕುಕ್ಕರ್‌ನಲ್ಲಿ ಉಪ್ಪು ಹರಡಿ ಕೇಕ್ ಮಾಡುವ ಹಾಗೆ ಇದನ್ನೂ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಬೇಡ ಅಂತೀನಿ. ಕುಕ್ಕರ್‌ನಲ್ಲಿ ಬಿಸಿ ಬರೋದು ಕೆಳಗಿನಿಂದ. ಹಣ್ಣಿನ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಹುಡಿ ಮೇಲೇ ಬೀಳುತ್ತೆ. ತಳ ಸೀದು, ಮೇಲೆ ಹಸಿ. ಅದೂ ಅಲ್ಲದೆ ನೀರಿಲ್ಲದೆ ಕುಕ್ಕರ್ ಕಾಯಿಸಿದರೆ ಕುಕ್ಕರ್‌ಗೂ ಒಳ್ಳೆಯದಲ್ಲ.

ಅದರ ಬದಲು ಎರಡನ್ನೂ ಬೇರೆ ಬೇರೆ ಮಾಡಿ. ಹುಡಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ರವೆ ಹುರಿಯುವ ತಾಳ್ಮೆಯಲ್ಲಿ ಹುರಿಯಿರಿ. ಹೊಂಬಣ್ಣ ಬಂದ ತಕ್ಷಣ ಬೇರೆ ತಟ್ಟೆಗೆ ಹರಡಿ, ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಸೀಯುತ್ತೆ. ಸೇಬನ್ನು ಪೂರ್ತಿ ಬೇಯುವ ತನಕ ಬಾಣಲೆಯಲ್ಲೇ ಇಡಿ. ಕಾರ್ನ್‌ಫ್ಲೋರ್ ಅನ್ನು ಎರಡು ಚಮಚ ತಣ್ಣೀರಲ್ಲಿ ಕದಡಿ ಹಾಕಿ, ಒಂದು ನಿಮಿಷ ಕುದಿಸಿ ಇಳಿಸಿ. ಬಡಿಸುವಾಗ ಬಟ್ಟಲಿಗೆ ಸೇಬು, ಮೇಲೆ ಹುಡಿ. ಇದನ್ನು ಕ್ರಂಬಲ್ ಅನ್ನಬೇಕೋ ಬೇಡವೋ ಅಂತ ವಾದ ಮಾಡುವವರು ಮಾಡಲಿ, ಬಟ್ಟಲು ಮಾತ್ರ ಖಾಲಿಯಾಗುತ್ತೆ.

## ಹಂತ 7: ಉಳಿದರೆ

ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಇರುತ್ತೆ. ಮಾರನೇ ದಿನ ಹುಡಿ ಮೆತ್ತಗಾಗಿರೋದು ಸಹಜ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಇನ್ನೂ ಮೆತ್ತಗಾಗುತ್ತೆ. ಬೇಕಾದಷ್ಟನ್ನು ಸಣ್ಣ ಸ್ಟೀಲ್ ತಟ್ಟೆಗೆ ತೆಗೆದು, 160 ಡಿಗ್ರಿಯಲ್ಲಿ ಹತ್ತು ನಿಮಿಷ ಓವನ್‌ನಲ್ಲಿಡಿ, ಮತ್ತೆ ಗರಿಗರಿ ಬರುತ್ತೆ.

ಇದಕ್ಕಿಂತ ಜಾಣತನ ಅಂದರೆ ಹುಡಿಯನ್ನು ಒಂದೇ ಸಲ ಎರಡರಷ್ಟು ಮಾಡಿಕೊಳ್ಳೋದು. ಬೇಯಿಸದ ಹುಡಿಯನ್ನು ಜಿಪ್ ಕವರ್‌ನಲ್ಲಿ ಹಾಕಿ, ಗಾಳಿ ತೆಗೆದು, ದಿನಾಂಕ ಬರೆದು ಫ್ರೀಜರ್‌ನಲ್ಲಿಡಿ. ಒಂದು ತಿಂಗಳು ಏನೂ ಆಗಲ್ಲ. ಕರಗಿಸದೆ ಹಾಗೇ ಉದುರಿಸಬಹುದು, ಓವನ್‌ನಲ್ಲಿ ನಾಲ್ಕೈದು ನಿಮಿಷ ಜಾಸ್ತಿ ಬೇಕು. ಮುಂದಿನ ಸಲ ನೆಂಟರು ಬರುತ್ತೇವೆ ಅಂತ ಫೋನ್ ಮಾಡಿದಾಗ ಹಂತ 3ರಿಂದಲೇ ಶುರು ಮಾಡಿ.